ಬಾಲ ಎಣಿಸಿದ ವರ್ಷ

ಹೋದ ತಿಂಗಳು ನಮ್ಮ ಹೈಸ್ಕೂಲಿನ ಮಕ್ಕಳನ್ನು ಚಿಕ್ಕಮಗಳೂರಿನ ಹತ್ತಿರ ಹೊಸದಾಗಿ ಆಗಿರುವ ದೊಡ್ಡ ಹಾಲಿನ ಫಾರಂ ಒಂದನ್ನು ನೋಡಲು ಕರೆದುಕೊಂಡು ಹೋಗಿದ್ದೆ. ಸಿಮೆಂಟಿನ ನೆಲ, ತಲೆಯ ಮೇಲೆ ಫ್ಯಾನು, ಹಾಲು ಕರೆಯಲು ಯಂತ್ರ. ನೂರಾರು ಕಪ್ಪುಬಿಳಿ ಹಸುಗಳು. ಎಲ್ಲದರ ಕಿವಿಗೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಅಲ್ಲಿಯ ಮ್ಯಾನೇಜರು ಒಂದು ಹಸುವನ್ನು ತೋರಿಸಿ, "ನೂರಾ ಹನ್ನೆರಡಕ್ಕೆ ಇವತ್ತು ಸ್ವಲ್ಪ ಜ್ವರ" ಎಂದರು. ನಮ್ಮ ಹುಡುಗಿಯೊಬ್ಬಳು, "ಸರ್, ಇವಕ್ಕೆ ಹೆಸರಿಲ್ವಾ?" ಎಂದು ಕೇಳಿದಳು. ಅವರು ನಕ್ಕು, "ಹೆಸರಿಡ್ತಾ ಕೂತ್ರೆ ಕೆಲಸ ಆಗತ್ತೇನಮ್ಮಾ?" ಎಂದರು.

ನನಗೂ ನಗು ಬಂತು. ಅಷ್ಟರಲ್ಲಿ ಫಾರಂನ ಹಿಂದುಗಡೆಯಿಂದ ಒಂದು ವಾಸನೆ ಬಂತು. ಕರುಗಳನ್ನು ಕಟ್ಟುವ ಹಳೇ ಕೊಟ್ಟಿಗೆಯೊಂದನ್ನು ಅವರು ಇನ್ನೂ ಕೆಡವಿರಲಿಲ್ಲ. ಅಲ್ಲಿ ಯಾರೋ ಕಾಡುಸೊಪ್ಪು ಹಾಸಿದ್ದರು. ಹಸಿಸೊಪ್ಪು, ಸೆಗಣಿ, ಗಂಜಲ ಮೂರೂ ಒಂದು ರಾತ್ರಿ ಒಟ್ಟಿಗೆ ಬಿದ್ದುಕೊಂಡರೆ ಬರುವ ವಾಸನೆ ಅದು. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಡ್ರಿಲ್ ಮೇಷ್ಟ್ರು ಬಂದು "ಮೇಡಂ, ಬಸ್ಸಿಗೆ ಹೊತ್ತಾಯ್ತು" ಎನ್ನುವವರೆಗೂ ನಾನು ಅಲ್ಲಿರಲಿಲ್ಲ. ತೊಂಬತ್ತೇಳನೇ ಇಸವಿಯ ಬೇಸಿಗೆಗೆ ಹೋಗಿಬಿಟ್ಟಿದ್ದೆ.

ಮದುವೆಯಾಗಿ ನಾನು ಸೇರಿದ್ದು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಟಾರು ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಮನೆಗೆ. ಸುತ್ತಮುತ್ತ ಎಲ್ಲರದ್ದೂ ಕಾಫಿಯ ಮನೆ, ನಮ್ಮದು ದನದ ಮನೆ. ಕಾಫಿ ಇರಲಿಲ್ಲವೆಂದಲ್ಲ, ಐದೆಕರೆ ಇತ್ತು. ಆದರೆ ಹೊಟ್ಟೆ ತುಂಬಿಸುತ್ತಿದ್ದದ್ದು ದನಗಳು. ಹಾಲು ಹೋಟೆಲುಗಳಿಗೆ, ಗೊಬ್ಬರ ಅಕ್ಕಪಕ್ಕದ ಎಸ್ಟೇಟುಗಳಿಗೆ ಹೋಗುತ್ತಿತ್ತು. ಎಲ್ಲ ಮಲೆನಾಡು ಗಿಡ್ಡ ತಳಿಯ ದನಗಳು. ಮನುಷ್ಯರ ಸೊಂಟದೆತ್ತರ, ಆಡಿನಷ್ಟು ಚುರುಕು. ಮನೆಯ ಮೇಲಿನ ಹುಲ್ಲುಗುಡ್ಡಕ್ಕೆ ನಮ್ಮ ಕಡೆ ಬ್ಯಾಣ ಎನ್ನುತ್ತಾರೆ. ಬೆಳಿಗ್ಗೆ ಬಿಟ್ಟರೆ ಅವು ಅಲ್ಲಿಗೆ ಏರಿ, ಸಂಜೆ ತಾವಾಗಿಯೇ ಇಳಿದು ಬರುತ್ತಿದ್ದವು.

ನಾನು ಕಡೂರಿನ ಬಯಲಿನವಳು, ಮೇಷ್ಟ್ರ ಮಗಳು. ಗಡಿಯಾರ ನೋಡಿ ಬದುಕಿದ ಮನೆಯಿಂದ ಬಂದ ನನಗೆ ಇಲ್ಲಿನ ದಿನಚರಿ ಅರ್ಥವಾಗಲು ವರ್ಷಗಳೇ ಬೇಕಾದವು. ದಿನಾ ಊಟಕ್ಕೆ ಕೂತಾಗ ಅತ್ತೆ ಮಾರನೇ ದಿನದ ಕೆಲಸ ಹೇಳುತ್ತಿದ್ದರು. "ನಾಳೆ ಬೆಳಿಗ್ಗೆ ಹಿತ್ತಲ ಸೊಪ್ಪು ಕೊಯ್ಯೋದು. ಮಧ್ಯಾಹ್ನ ಮೆಣಸು ಬಿಡಿಸೋದು. ಸಂಜೆ ಅನುವಿನ ಲಂಗಕ್ಕೆ ಬಟ್ಟೆ ತರೋದು." ಇಷ್ಟು ಹೇಳಿ, ಮಜ್ಜಿಗೆ ಸುರಿದುಕೊಂಡು, ಕೊನೆಗೊಂದು ಮಾತು ಸೇರಿಸುತ್ತಿದ್ದರು: "ದನ ಒಪ್ಪಿದ್ರೆ."

ದನ ಒಪ್ಪುತ್ತಲೇ ಇರಲಿಲ್ಲ! ಆಲ್ದೂರಿನ ನೆಂಟರ ಮದುವೆಗೆ ಸೀರೆ ಉಟ್ಟು ಹೊರಟು ನಿಂತಾಗ ತುಂಗೆ ಎಂಬ ಹಸುವಿಗೆ ಹೊಟ್ಟೆಯುಬ್ಬರ ಬಂತು. ನಾವು ತಲುಪುವಾಗ ಚಪ್ಪರದಲ್ಲಿ ಎಲೆ ಎತ್ತುತ್ತಿದ್ದರು. ಪಾತ್ರೆಯ ತಳದ ಪಾಯಸ ತಿಂದು ಬಂದೆವು. ಮಗಳು ಅನುವಿನ ಐದನೇ ಹುಟ್ಟುಹಬ್ಬಕ್ಕೆ ಮೂಡಿಗೆರೆಯಿಂದ ಕೇಕು ತರುವುದೆಂದಾಗಿತ್ತು. ಅವತ್ತೇ ಕೆಂಪಿ ಕರು ಹಾಕಿತು, ಕೇಕಿನ ಬದಲು ಗಿಣ್ಣು ತಿಂದೆವು. ಅದಾಗಿ ಎಷ್ಟೋ ದಿನ ಅನು, ಹುಟ್ಟುಹಬ್ಬ ಎಂದರೆ ಮನೆಯಲ್ಲಿ ಯಾರಾದರೂ ಕರು ಹಾಕಲೇಬೇಕು ಎಂದುಕೊಂಡಿದ್ದಳು.

ಇನ್ನು ಹೆಸರಿನ ಕಥೆ. ನನ್ನ ಹೆಸರು ಭಾಗೀರಥಿ. ಗ್ರಹಚಾರಕ್ಕೆ ನಮ್ಮತ್ತೆಯ ಅತ್ತೆಯ ಹೆಸರೂ ಅದೇ. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆದರೂ ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದೆನ್ನುವುದು ಆ ಕಾಲದ ಕಟ್ಟು, ನಮ್ಮತ್ತೆ ಅದನ್ನು ಒಂದು ದಿನವೂ ಮುರಿದವರಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಹೆಸರು ಬದಲಾಯಿಸೋಣ ಎಂದು ಯಾರೋ ಹೇಳಿದರಂತೆ. ನನ್ನಪ್ಪ, "ಮಾರ್ಕ್ಸ್ ಕಾರ್ಡಲ್ಲೆಲ್ಲ ಅದೇ ಹೆಸರಿದೆ. ಅವಳು ಇನ್ನೂ ಡಿಗ್ರಿ ಮುಗಿಸ್ಬೇಕು" ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. "ಮುಗಿಸ್ಲಿ ಬಿಡಿ, ಪರೀಕ್ಷೆ ನಾನೇ ಬರೆಸ್ತೀನಿ" ಎಂದಿದ್ದರಂತೆ ಅತ್ತೆ. ಹೀಗೆ ನನ್ನ ಹೆಸರು ಉಳಿಯಿತು. ಆದರೆ ಅತ್ತೆಯ ಬಾಯಲ್ಲಿ ನಾನು ಮೊದಲು "ಇವಳೇ" ಆಗಿದ್ದೆ, ಮಗಳು ಹುಟ್ಟಿದ ಮೇಲೆ "ಅನು ಅಮ್ಮ" ಆದೆ. ಕೊಟ್ಟಿಗೆಯ ಪ್ರತಿ ದನಕ್ಕೂ ಅವರು ಬಾಯಿ ತುಂಬ ಹೆಸರು ಕರೆಯುವುದನ್ನು ಕೇಳುವಾಗ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಗುತ್ತಿತ್ತು. ದನದ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನೊಬ್ಬಳೇ ಇರಬೇಕು.

ಆ ಕರೆಯುವುದೂ ಒಂದು ಕ್ರಮ. ಅಂಗಳದ ದಾರಿಗೆ ಗೇಟಿನ ಬದಲು ಉಣುಗೋಲು ಇತ್ತು, ಎಂದರೆ ಎರಡು ಕಂಬಗಳ ತೂತಿಗೆ ಅಡ್ಡ ತೂರಿಸಿದ ಬಿದಿರುಗಳು. ಸಂಜೆ ದನಗಳು ಇಳಿದು ಬಂದಾಗ ಅತ್ತೆ ಬಿದಿರು ಎಳೆದು ಪಕ್ಕದಲ್ಲಿ ನಿಂತು ಒಂದೊಂದೇ ಹೆಸರು ಕೂಗುತ್ತಿದ್ದರು. ಕರೆಸಿಕೊಂಡದ್ದು ಒಳಗೆ ಹೋಗುವವರೆಗೆ ಇನ್ನೊಂದು ಹೆಸರು ಇಲ್ಲ. ಕೊನೆಯದೂ ಒಳಗಾದ ಮೇಲೆ "ಎಲ್ಲರೂ ಬಂದ್ರು" ಎಂದು ಬಿದಿರು ಹಾಕುತ್ತಿದ್ದರು. ಎಷ್ಟು ದನ ಎಂದು ಮಾತ್ರ ಯಾರೂ ಎಣಿಸುವಂತಿರಲಿಲ್ಲ.

"ಯಾಕತ್ತೆ ಎಣಿಸಬಾರದು?" ಎಂದು ಒಮ್ಮೆ ಕೇಳಿದೆ. ಎಲ್ಲದಕ್ಕೂ ಯಾಕೆ ಎನ್ನುವುದು ನನಗೆ ಹುಟ್ಟಿನಿಂದ ಅಂಟಿದ ರೋಗ.

"ಎಣಿಸಿದ್ರೆ ಕಮ್ಮಿ ಆಗ್ತದೆ."

"ಎಣಿಸಿದ್ರೆ ಹೇಗೆ ಕಮ್ಮಿಯಾಗುತ್ತೆ?"

"ನಿಂಗೆ ಮಕ್ಕಳೆಷ್ಟು?"

"ಒಂದು."

"ನೋಡು, ಎಣಿಸಿದೆ. ಒಂದೇ ಆಯ್ತು!" ಎಂದು ಹಾಲಿನ ಕೊಡ ಎತ್ತಿಕೊಂಡು ಹೋಗಿಯೇಬಿಟ್ಟರು. ಅವರ ಹತ್ತಿರ ವಾದ ಗೆದ್ದವರಿಲ್ಲ. ಮಾರನೇ ದಿನವೇ ನಾನು ಸೌದೆಮನೆಯ ಮರೆಯಲ್ಲಿ ನಿಂತು ಕಳ್ಳತನದಲ್ಲಿ ಎಣಿಸಿದೆ. ಇಪ್ಪತ್ಮೂರು.

ಆ ಬೇಸಿಗೆ ನನ್ನ ತಲೆಯ ಮೇಲೊಂದು ಕತ್ತಿ ತೂಗುತ್ತಿತ್ತು. ಬಿ.ಎ.ಯಲ್ಲಿ ಒಂದೇ ಒಂದು ಪೇಪರು ಬಾಕಿ, ಅರ್ಥಶಾಸ್ತ್ರ. ಮದುವೆಗೆ ಮುಂಚೆ ಜ್ವರ ಬಂದು ಬಿಟ್ಟುಹೋದದ್ದು. ಮೊದಲ ಸಲ ಫೀಸು ಕಟ್ಟಿದಾಗ ಅನು ಹೊಟ್ಟೆಯಲ್ಲಿ, ನಾನು ಎಂಟು ತಿಂಗಳ ಬಸುರಿ, ಘಟ್ಟದ ಬಸ್ಸು ಹತ್ತುವಂತಿರಲಿಲ್ಲ. ಎರಡನೇ ಸಲ ಪರೀಕ್ಷೆಯ ವಾರವೇ ಕೊಟ್ಟಿಗೆಗೆ ಕಾಲುಬಾಯಿ ರೋಗ ಹೊಕ್ಕಿತು. ಗೊರಸು ತೊಳೆಯುತ್ತ ಪರೀಕ್ಷೆ ಕಳೆದೇಹೋಯಿತು. ಈಗ ಹಳೇ ಸಿಲಬಸ್ಸಿಗೆ ಇದೇ ಕೊನೆಯ ಅವಕಾಶ ಎಂದು ಕಾಲೇಜಿನಿಂದ ಪತ್ರ ಬಂದಿತ್ತು. ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಹಾಗೆಂದರೆ ಡಿಗ್ರಿಯೂ ಇಲ್ಲ, ಬಿ.ಎಡ್. ಕೂಡ ಇಲ್ಲ, ಮೇಷ್ಟ್ರ ಮಗಳು ಪಾಠ ಹೇಳುವ ಕನಸೂ ಇಲ್ಲ ಎಂದು ನನಗೆ ಗೊತ್ತಿತ್ತು. ಪರೀಕ್ಷೆ ಮೇ ತಿಂಗಳ ಕೊನೆಗೆ, ಚಿಕ್ಕಮಗಳೂರಿನಲ್ಲಿ.

ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂಮಳೆ ಬಂತು. ತೋಟವೆಲ್ಲ ಬೆಳ್ಳಗಾಗಿ, ಬ್ಯಾಣದಲ್ಲಿ ಹುಲ್ಲು ಚಿಗುರಿತು. ಮಧ್ಯಾಹ್ನ ಅನು ಶಾಲೆಯಲ್ಲಿರುವಾಗ ನಾನು ಪುಸ್ತಕ ಹಿಡಿದು ಬ್ಯಾಣಕ್ಕೆ ಹೋಗುತ್ತಿದ್ದೆ. ದನ ಕಾಯುವ ಐತನೂ ಇರುತ್ತಿದ್ದ. ಅವನು ಘಟ್ಟದ ಕೆಳಗಿನಿಂದ ಬಂದು ಈ ಮನೆಯಲ್ಲೇ ಮುದುಕನಾದವನು. ಬೇಡಿಕೆ, ಪೂರೈಕೆ ಎಂದು ಓದಲು ಕೂತರೆ ಕಣ್ಣು ದನಗಳ ಮೇಲೆಯೇ ಹೋಗುತ್ತಿತ್ತು. ಹಳ್ಳದಲ್ಲಿ ಮೊದಲು ನೀರು ಕುಡಿಯುವುದು ಯಾವಾಗಲೂ ಕಾಳಿಯೇ ಏಕೆ? ಗುಡುಗುವ ಅರ್ಧ ಗಂಟೆ ಮೊದಲೇ ಎಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲುವುದೇಕೆ? ಚೆಲುವಿ ಮಲ್ಲಿಯ ಪಕ್ಕದಲ್ಲಿ ಮಾತ್ರ ಮಲಗುವುದೇಕೆ? ಅರ್ಥಶಾಸ್ತ್ರದ ನೋಟ್ಸಿನ ಹಿಂದಿನ ಹಾಳೆಗಳಲ್ಲಿ ಇದನ್ನೆಲ್ಲ ಬರೆಯತೊಡಗಿದೆ. ಅತ್ತೆ ಒಂದು ದಿನ ಅದನ್ನು ನೋಡಿ, "ಓದು ಅಂದ್ರೆ ದನದ ಜಾತಕ ಬರೀತಾ ಕೂತಿದಾಳಲ್ಲ, ಮಾರಾಯ್ತಿ!" ಎಂದು ಮನೆಯೆಲ್ಲ ಸಾರಿದರು. ನನ್ನ ಯಜಮಾನರು ವಾರಗಟ್ಟಲೆ ನಗಾಡಿದರು.

ಪರೀಕ್ಷೆಯ ಹಿಂದಿನ ದಿನ. ಅತ್ತೆ ಆಲ್ದೂರಿನಲ್ಲಿದ್ದ ತಂಗಿಯ ಮನೆಗೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಸಂಜೆ ಬರುವುದು, ಯಜಮಾನರು ಮೂಡಿಗೆರೆಯಿಂದ ಹಿಂಡಿ ಮೂಟೆ ತರುವುದು, ದನ ಐತ ನೋಡಿಕೊಳ್ಳುವುದು, ನಾನು ಇಡೀ ದಿನ ಓದುವುದು. ಹೀಗೆಂದು ನಿಶ್ಚಯವಾಗಿತ್ತು. ಹೊರಡುವಾಗ ಅತ್ತೆ, "ಗೌರಿಗೆ ದಿನ ತುಂಬಿದೆ. ಕಟ್ಟಿ ಹಾಕಿದ್ರೆ ಮೇವು ಮುಟ್ಟದಿಲ್ಲ, ಅದಕ್ಕೇ ಬಿಟ್ಟಿದೀನಿ. ಸಂಜೆ ಅವಳ ಮೇಲೊಂದು ಕಣ್ಣಿಡು" ಎಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ಐತ ಕಂಬಳಿ ಹೊದ್ದು ನಡುಗುತ್ತಾ ಬಂದ. "ಸಣ್ಣಮ್ಮಾ, ಚಳಿಜ್ವರ ಹಿಡೀತು. ದನ ಮೇಲೆಯೇ ಉಂಟು" ಎಂದು ಜಗುಲಿಯಲ್ಲಿ ಒರಗಿದ. ಅವನಿಗೆ ಕಷಾಯ ಕಾಯಿಸಿದೆ. ಅನು ಅಂಗಳದಲ್ಲಿ ಆಡುತ್ತಿದ್ದವಳು ಬಿದ್ದು ಮಂಡಿ ತರಚಿಕೊಂಡಿದ್ದಳು, ಅದಕ್ಕೆ ಅರಿಶಿನ ಹಚ್ಚಿದೆ. ಐದು ಗಂಟೆಗೆ ಆಕಾಶ ಕಪ್ಪಾಗಿ ಗುಡುಗು ಶುರುವಾಯಿತು, ಕರೆಂಟು ಹೋಯಿತು. ದನಗಳು ಮಳೆಗೆ ಬೆದರಿ ಒಂದರ ಮೇಲೊಂದು ಬಿದ್ದು ಇಳಿದು ಬಂದವು. ನಾನು ಬಿದಿರು ಎಳೆದು "ಕಾಳಿ, ಕೆಂಪಿ" ಎಂದು ಕೂಗಿದೆ. ಗುಡುಗಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅವು ಕಾಯಲೂ ಇಲ್ಲ, ಒಟ್ಟಿಗೆ ನುಗ್ಗಿದವು. ಕತ್ತಲಲ್ಲಿ ಕೈಗೆ ಸಿಕ್ಕ ಕುತ್ತಿಗೆಗೆಲ್ಲ ಹಗ್ಗ ಹಾಕಿದೆ. ಒಳಗೆ ಓದದ ಎರಡು ಅಧ್ಯಾಯಗಳು ಕಾಯುತ್ತಿದ್ದವು. ಬಾಗಿಲಲ್ಲೇ ನಿಂತು ಟಾರ್ಚು ಬಿಟ್ಟೆ. ಎಲ್ಲವೂ ಗೋದಲಿಗೆ ಮುಖ ಹಾಕಿ ಮೇಯುತ್ತಿದ್ದವು. ಕಂಡದ್ದು ಬಾಲಗಳು. ಎಣಿಸಿದೆ. ಇಪ್ಪತ್ಮೂರು. ಸದ್ಯ, ಲೆಕ್ಕ ಸರಿಯಾಯಿತಲ್ಲ ಎಂದು ಒಳಗೆ ಹೋಗಿ ದೀಪ ಹಚ್ಚಿ ಓದಲು ಕೂತೆ.

ಏಳು ಗಂಟೆಯ ಹೊತ್ತಿಗೆ ಹಿಂಡಿಯ ಜೀಪಿನಲ್ಲೇ ಅತ್ತೆಯೂ ಯಜಮಾನರೂ ಬಂದರು. ಅತ್ತೆ ಕಾಲು ತೊಳೆಯುವ ಮೊದಲೇ ಕೊಟ್ಟಿಗೆಗೆ ಹೋದರು. ಒಂದೊಂದೇ ಹೆಸರು ಹೇಳಿ ಬೆನ್ನು ಸವರುವ ದನಿ ಕೇಳುತ್ತಿತ್ತು. ನಡುವೆ ನಿಂತುಹೋಯಿತು.

"ಅನು ಅಮ್ಮಾ, ಇಲ್ಲಿ ಬಾ. ಇದು ಯಾರ ಮನೆ ಮಗಳು?"

ಓಡಿದೆ. ಗೌರಿಯ ಜಾಗದಲ್ಲಿ ಗೌರಿಯಷ್ಟೇ ಕೆಂಪಗಿನ ಇನ್ನೊಂದು ಹಸು ನಮ್ಮನ್ನು ತಿರುಗಿ ನೋಡುತ್ತಿತ್ತು. ಪಕ್ಕದ ಎಸ್ಟೇಟಿನದು, ಮಳೆಗೆ ನಮ್ಮ ಹಿಂಡಿನ ಜೊತೆ ಸೇರಿಕೊಂಡು ಬಂದಿತ್ತು.

"ಎಣಿಸಿದ್ದೆ ಅತ್ತೆ. ಸರಿಯಾಗಿತ್ತು," ಎಂದು ಬಾಯಿಬಿಟ್ಟೆ.

"ಎಂತ ಎಣಿಸಿದ್ದು?"

"ಬಾಲ."

ಜಗುಲಿಯ ಮೇಲೆ ಕಂಬಳಿಯೊಳಗಿಂದ ಐತನ ನಗು ಕೇಳಿತು, ಜ್ವರದಲ್ಲೂ ತಡೆಯಲಾಗಲಿಲ್ಲ ಅವನಿಗೆ. ಅತ್ತೆ ನಗಲಿಲ್ಲ. "ಬಾಲಕ್ಕೆ ಹೆಸರಿರ್ತದನಾ, ಮಾರಾಯ್ತಿ?" ಎಂದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಯಜಮಾನರು ಟಾರ್ಚು ಹಿಡಿದು ಹೊರಟರು. ಹಿಂದಿನ ವಾರವಷ್ಟೇ ಆ ಗುಡ್ಡದಲ್ಲಿ ಚಿರತೆ ಒಂದು ಕರು ಹೊಡೆದಿತ್ತು. "ಈ ಕತ್ತಲಲ್ಲಿ ನೀನು ಹೋದ್ರೆ ಬೆಳಿಗ್ಗೆ ಇಬ್ಬರನ್ನ ಹುಡುಕ್ಬೇಕು. ಕೂತ್ಕೋ," ಎಂದು ಅತ್ತೆ ತಡೆದರು. ಆಮೇಲೆ ನನ್ನ ಕಡೆ ತಿರುಗಿ, "ಬಂದವಳಿಗೆ ಇನ್ನೊಂದು ಹಿಡಿ ಹುಲ್ಲು ಹಾಕು. ಅವಳೆಂತ ಮಾಡಿದ್ಲು, ಪಾಪ" ಎಂದರು. ನಾನು ಅಳುತ್ತಲೇ ಹುಲ್ಲು ಹಾಕಿದೆ.

ಊಟಕ್ಕೆ ಕೂತೆವು. ಮಜ್ಜಿಗೆಗೆ ಬಂದಾಗ ಅತ್ತೆ, "ನಾಳೆ ಅನು ಅಮ್ಮಂಗೆ ಪರೀಕ್ಷೆ" ಎಂದರು. ನಾನು ತಲೆ ತಗ್ಗಿಸಿಕೊಂಡು ಮುಂದಿನ ಮಾತಿಗೆ ಕಾದೆ. ಅವರು ಕೈ ತೊಳೆಯಲು ಎದ್ದರು. "ದನ ಒಪ್ಪಿದ್ರೆ" ಎನ್ನಲೇ ಇಲ್ಲ.

ಬೆಳಿಗ್ಗೆ ಇನ್ನೂ ಮಬ್ಬು ಇರುವಾಗಲೇ ಅತ್ತೆ ತಲೆಗೆ ಬಟ್ಟೆ ಕಟ್ಟಿ ಕತ್ತಿ ಹಿಡಿದು ನಿಂತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು, "ನಾನೂ ಬರ್ತೀನಿ ಅತ್ತೆ. ಪರೀಕ್ಷೆ ಬೇಡ. ತಪ್ಪು ನಂದು" ಎಂದೆ.

"ನಿಂದು ಅಲ್ಲ ಅಂದ್ನಾ ನಾನು? ನಿಂದೇ. ಆದ್ರೆ ನಿನ್ನಪ್ಪನ ಮುಂದೆ ಬರೆಸ್ತೀನಿ ಅಂದವಳು ನಾನು. ಹೋದ ಸಲ ದನ ಅಂತ ನೀನು ಬಿಟ್ಟೆ. ಈ ಸಲನೂ ನನ್ನ ದನದ ತಲೆ ಮೇಲೆ ಹಾಕ್ಬೇಡ," ಎಂದರು. ಸಿಟ್ಟಿನಲ್ಲೇ ಹೇಳಿದರು.

ಆಗ ನನಗೆ ನೋಟ್ಸು ನೆನಪಾಯಿತು. ಓಡಿಹೋಗಿ ತಂದು ಹಿಂದಿನ ಹಾಳೆ ತೆಗೆದು ಓದಿದೆ: "ಗೌರಿ ಹತ್ತು ದಿನದಿಂದ ನೀರು ಕುಡಿದ ಮೇಲೆ ಒಬ್ಬಳೇ ನೇರಳೆಮರದ ಹಳ್ಳದ ಮೇಲಿನ ಬಂಡೆಯ ಹತ್ತಿರ ಹೋಗುತ್ತಾಳೆ. ಅಲ್ಲಿ ಹುಲ್ಲಿಲ್ಲ. ಯಾಕೆ?"

ಅತ್ತೆ ಹತ್ತಿರ ಬಂದರು. "ಇನ್ನೊಂದು ಸಲ ಓದು" ಎಂದರು. ಓದಿದೆ.

"ಯಾಕೆ ಅಂತ ನಂಗೊತ್ತು," ಎಂದರು. "ಹೆರೋಕೆ ಜಾಗ ನೋಡ್ತಿದ್ಲು. ಬಂಡೆ ಬೆನ್ನಿಗಿದ್ರೆ ಹಿಂದಿಂದ ಯಾರೂ ಬರೋ ಹಾಗಿಲ್ಲ. ನೀನು ನೋಡಿದೀಯ, ನಂಗೆ ಹೇಳ್ಲಿಲ್ಲ. ನಾನು ಕೇಳ್ಲೂ ಇಲ್ಲ." ಮಗನನ್ನು ಕೂಗಿ, ಅನುವನ್ನು ಐತನ ಪಕ್ಕ ಕೂರಿಸಿ, ಗುಡ್ಡ ಹತ್ತಿಯೇಬಿಟ್ಟರು. ನಾನು ಎರಡು ಮೈಲಿ ನಡೆದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕಿಟಕಿಯಿಂದ ಕಂಡ ಪ್ರತಿ ಕೆಂಪು ಹಸುವೂ ಗೌರಿಯೇ ಎನಿಸಿತು.

ಪರೀಕ್ಷೆಯ ಕೋಣೆಯಲ್ಲಿ ನನ್ನ ಹೆಸರು ಯಾರೂ ಕರೆಯಲಿಲ್ಲ, ನಂಬರು ಕೂಗಿದರು. ಏನು ಬರೆದೆನೋ ಈಗ ನೆನಪಿಲ್ಲ. ಮಳೆ ಬಂದಾಗ ಬೆಲೆ ಏಕೆ ಬದಲಾಗುತ್ತದೆ ಎಂಬ ಪ್ರಶ್ನೆಗೆ ಐದು ಪುಟ ಬರೆದದ್ದೊಂದು ನೆನಪಿದೆ. ಆ ವರ್ಷ ನನಗೆ ಗೊತ್ತಿದ್ದದ್ದು ಮಳೆಯೊಂದೇ. ಬರೆಯುತ್ತಿರುವಾಗ ಬಂಡೆಯ ಹತ್ತಿರ ಏನಾಗಿರಬಹುದೆಂದು ಪೆನ್ನು ಎಷ್ಟೋ ಸಲ ನಿಂತಿತು. ಮನೆಗೆ ಫೋನಿರಲಿಲ್ಲ, ಕೇಳುವ ದಾರಿಯೂ ಇರಲಿಲ್ಲ.

ಮಧ್ಯಾಹ್ನದ ಬಸ್ಸು ಮೂಡಿಗೆರೆ ದಾಟಿದ ಮೇಲೆ ದಾರಿಗೆ ಬಿದ್ದಿದ್ದ ಮರ ಕಡಿಯುವವರೆಗೆ ನಿಂತೇ ಇತ್ತು. ಇಳಿದು ನಡೆಯುವಾಗ ಆರು ದಾಟಿತ್ತು. ತೋಟದ ಒಳದಾರಿಯಲ್ಲಿ ಜೀರುಂಡೆ ಶುರುವಾಗಿತ್ತು. ಮನೆಯ ತಿರುವು ಇನ್ನೂ ಕಾಣದಿರುವಾಗಲೇ ಅತ್ತೆಯ ದನಿ ಕೇಳಿತು.

"ಕಾಳೀ... ಕೆಂಪೀ..."

ನನ್ನ ಕಾಲು ನಿಂತುಬಿಟ್ಟಿತು. ಅತ್ತೆ ಕರೆಯುವ ಕ್ರಮ ನನಗೆ ಬಾಯಿಪಾಠವಾಗಿತ್ತು. ಚೆಲುವಿ, ಮಲ್ಲಿ, ಬೆಳ್ಳಿ, ಹೀಗೇ ಹೋಗಿ ತುಂಗೆ. ತುಂಗೆಯಾದ ಮೇಲೆ ಕೊನೆಯವಳು ಗೌರಿ. ಕೊಡೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳುತ್ತ ನಿಂತೆ. ಒಂದೊಂದು ಹೆಸರಿಗೂ ಗೊರಸಿನ ಸದ್ದು, ಮತ್ತೆ ಮುಂದಿನ ಹೆಸರು.

"ತುಂಗೇ..."

ಆಮೇಲೆ ಏನೂ ಕೇಳಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ, ನನಗಂತೂ ಒಂದು ಯುಗವಾಯಿತು.

"ಗೌರೀ... ಬಾರೇ ಬಾಣಂತಿ, ನಿಧಾನ ಬಾ. ಮಗು ಜೊತೆಗುಂಟು."

ಅದರ ಹಿಂದೆಯೇ ಎಳೆಗರುವಿನ ದನಿ ಕೇಳಿತು. ನಾನು ಹುಚ್ಚಿಯ ಹಾಗೆ ಓಡಿದೆ. ತಿರುವು ದಾಟಿದಾಗ ಕಂಡಿತು: ಗೌರಿ ಆಗಷ್ಟೇ ಒಳಗೆ ಹೋಗುತ್ತಿದ್ದಳು, ಅವಳ ಹೊಟ್ಟೆಯ ಕೆಳಗೆ ನಾಲ್ಕು ಕಡ್ಡಿಕಾಲು. ಅನು ಅಂಗಳದಲ್ಲಿ ಕುಣಿಯುತ್ತಿದ್ದಳು. ಎಲ್ಲ ದನಗಳೂ ಒಳಗಾಗಿದ್ದವು. ಅತ್ತೆ ಬಿದಿರಿಗೆ ಕೈ ಹಾಕಲಿಲ್ಲ. ನನ್ನನ್ನು ನೋಡಿದರು. ಅವರ ಕೈತುಂಬ ಮುಳ್ಳು ತರಚಿದ ಗೀರುಗಳು. ಒಂದು ಸಲ ಬಾಯಿ ತೆರೆದು ಮುಚ್ಚಿದರು. ಮತ್ತೆ, ದನಗಳನ್ನು ಕರೆದ ಅದೇ ರಾಗದಲ್ಲಿ, ಗುಡ್ಡಕ್ಕೆ ಕೇಳುವಷ್ಟು ಗಟ್ಟಿಯಾಗಿ ಕೂಗಿದರು.

"ಭಾಗೀರಥೀ..."

ನಾನು ಉಣುಗೋಲು ದಾಟಿ ಒಳಗೆ ಹೋದೆ.

"ಎಲ್ಲರೂ ಬಂದ್ರು," ಎಂದು ಅತ್ತೆ ಬಿದಿರು ಹಾಕಿದರು.